ಹುಳದ ಕೋಣೆಯಲ್ಲಿ ಅಪ್ಪನ ತೋಟಾ

ನಮ್ಮ ಮನೆಯಲ್ಲಿ ಬಾಗಿಲು ನೆಟ್ಟಗೆ ಮುಚ್ಚಿಕೊಳ್ಳುತ್ತಿದ್ದದ್ದು ಒಂದೇ ಒಂದು ಕೋಣೆಗೆ. ಆ ಕೋಣೆಗಾಗಿ ಅಪ್ಪ ಅಮ್ಮ ಆಡಿದ ಜಗಳವನ್ನೆಲ್ಲ ಕೂಡಿಹಾಕಿದ್ದರೆ ಇನ್ನೊಂದು ಮನೆಯನ್ನೇ ಕಟ್ಟಬಹುದಿತ್ತು. ಬೆಂಗಳೂರಿಗೆ ಹತ್ತಿರದ ವಿಜಯಪುರದ ಅಂಚಿನಲ್ಲಿ ನಮ್ಮ ಮನೆ. ಮುಂದೆ ಜಗಲಿ, ನಡುವೆ ತೊಟ್ಟಿ, ಹಿಂದೆ ಬಾವಿ, ಬಾವಿಯಿಂದಾಚೆ ಹಿಪ್ಪುನೇರಳೆ ಹೊಲ. ಆ ಕೋಣೆಯ ಮಣ್ಣಿನ ಗೋಡೆ ಎಷ್ಟು ದಪ್ಪವೆಂದರೆ ಬೇಸಿಗೆಯಲ್ಲಿ ಒಳಗೆ ಹೋದರೆ ಮೈ ತಣ್ಣಗಾಗುತ್ತಿತ್ತು, ಮಳೆಗಾಲದಲ್ಲಿ ಬೆಚ್ಚಗಾಗುತ್ತಿತ್ತು. ಅದರ ಎಡಗಡೆ ಅರ್ಧ ಅಮ್ಮನದು. ಅಲ್ಲಿ ಬಿದಿರಿನ ತಟ್ಟೆಗಳ ಸಾಲು, ತಟ್ಟೆ ತುಂಬ ರೇಷ್ಮೆ ಹುಳ. ಬಲಗಡೆ ಅರ್ಧ ಅಪ್ಪನದು. ಅಲ್ಲಿ ಹಲಸಿನ ಮರದ ಒಂದು ಕುಳ್ಳ ಮೇಜು, ಮೇಜಿನ ಮೇಲೆ ತೋಟಾ. ತೋಟಾ ಎಂದರೆ ಕೋವಿಯೊಳಗೆ ಇಡುವ ಹಿತ್ತಾಳೆಯ ಕೊಳವೆ. ಅದಕ್ಕೆ ಮದ್ದು, ಸೀಸದ ಚರೆ ತುಂಬಿ ಮುಚ್ಚುವುದು ಅಪ್ಪನ ಹವ್ಯಾಸ. ಹೊಟ್ಟೆಪಾಡಿನ ಕೆಲಸವಲ್ಲ, ಸುಮ್ಮನೆ ಖುಷಿ. ಬೇರೆ ಮನೆಗಳ ಗಂಡಸರು ಇಸ್ಪೀಟು ಆಡುವ ಹೊತ್ತಿನಲ್ಲಿ ನಮ್ಮಪ್ಪ ತೋಟಾ ತುಂಬುತ್ತಿದ್ದ.

ಈಗ ಯೋಚಿಸಿದರೆ ನಗು ಬರುತ್ತದೆ. ಇಬ್ಬರ ಕಟ್ಟಳೆಯೂ ಒಂದೇ ಆಗಿತ್ತು. ಬೀಡಿ ಸೇದಿ ಬಂದವರು ಹೊಸ್ತಿಲು ದಾಟಬಾರದು ಎನ್ನುತ್ತಿದ್ದಳು ಅಮ್ಮ, ಹೊಗೆಸೊಪ್ಪಿನ ವಾಸನೆ ಹುಳಕ್ಕೆ ವಿಷವೆಂದು. ಬೀಡಿ ಸೇದಿ ಬಂದವರು ಹೊಸ್ತಿಲು ದಾಟಬಾರದು ಎನ್ನುತ್ತಿದ್ದ ಅಪ್ಪ, ಮದ್ದಿನ ಹತ್ತಿರ ಕಿಡಿ ಬಂದರೆ ಸೂರು ಹಾರಿಹೋಗುತ್ತದೆಂದು. ಒದ್ದೆ ಕೈ ಇಬ್ಬರಿಗೂ ಆಗದು. ಒದ್ದೆ ಸೊಪ್ಪು ತಿಂದರೆ ಹುಳ ಸಾಯುತ್ತದೆ, ಒದ್ದೆಯಾದರೆ ಮದ್ದು ಹತ್ತುವುದಿಲ್ಲ. ಹೊರಗಿನವರು ಬರಕೂಡದು, ಗಾಳಿ ಬೀಸಕೂಡದು, ಮಕ್ಕಳು ಓಡಕೂಡದು. ಇಷ್ಟೆಲ್ಲ ಒಮ್ಮತವಿದ್ದವರು ಯಾಕೆ ಕಿತ್ತಾಡುತ್ತಿದ್ದರೋ ದೇವರೇ ಬಲ್ಲ. ಮನೆಯಲ್ಲಿ ಮಗು ಎಂದು ಇದ್ದವಳು ನಾನೊಬ್ಬಳೇ ಆದ್ದರಿಂದ ಎರಡೂ ಕಡೆಯ ಆಜ್ಞೆ ನನ್ನ ತಲೆಯ ಮೇಲೆಯೇ ಬೀಳುತ್ತಿತ್ತು.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಬೆಂಗಳೂರು ದಂಡಿನ ಅಂಗಡಿಗಳಲ್ಲಿ ವಿಲಾಯಿತಿ ತೋಟಾ ಸಿಗುವುದು ನಿಂತುಹೋಗಿತ್ತು. ಕೋವಿಯಿದ್ದವರೆಲ್ಲ ಹಾರಿಸಿದ ಹಿತ್ತಾಳೆ ಕೊಳವೆಗಳನ್ನು ಜೋಪಾನವಾಗಿ ತಂದು ಮತ್ತೆ ತುಂಬಿಸಿಕೊಳ್ಳಬೇಕಾಗಿತ್ತು. ಅದೇ ಯುದ್ಧದಿಂದ ಅಮ್ಮನ ಗೂಡಿಗೂ ಗಿರಾಕಿ ಬಂದಿತ್ತು, ವಿಮಾನದಿಂದ ಧುಮುಕುವ ಸಿಪಾಯಿಗಳ ಛತ್ರಿಗೆ ರೇಷ್ಮೆ ಬೇಕಂತೆ. ಎಲ್ಲೋ ಜನ ಸಾಯುತ್ತಿದ್ದರು, ಇಲ್ಲಿ ನಮ್ಮ ಕೋಣೆಯ ಎರಡೂ ಅರ್ಧಕ್ಕೆ ಬಿಡುವಿಲ್ಲದ ಕೆಲಸ. ಚಿಕ್ಕಂದಿನಲ್ಲಿ ನನಗೆ ಇದೇನೂ ತೋಚಿರಲಿಲ್ಲ. ಈಗ ತೋಚುತ್ತದೆ, ಸ್ವಲ್ಪ ಕಸಿವಿಸಿಯೂ ಆಗುತ್ತದೆ.

ಅಪ್ಪ ತೋಟಾ ತುಂಬುವುದನ್ನು ನೋಡಬೇಕಿತ್ತು. ಮೊದಲು ಕೈ ತೊಳೆದು, ಪಂಚೆಯ ಅಂಚಿನಲ್ಲಲ್ಲ, ಅದಕ್ಕೆಂದೇ ಇಟ್ಟ ಬಟ್ಟೆಯಲ್ಲಿ ಒರೆಸಿಕೊಂಡು, ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಕೂರುತ್ತಿದ್ದ. ಕೊಳವೆಯ ಬುಡಕ್ಕೆ, ಪೆಟ್ಟು ಬಿದ್ದರೆ ಕಿಡಿ ಹಾರಿಸುವ ಕೇಪು ಕೂರಿಸುವಾಗ ಉಸಿರು ಹಿಡಿಯುತ್ತಿದ್ದ. ಮದ್ದನ್ನು ಪುಟ್ಟ ಹಿತ್ತಾಳೆ ಬಟ್ಟಲಲ್ಲಿ ಅಳೆದು, ಬಟ್ಟಲ ಬಾಯನ್ನು ಕಡ್ಡಿಯಿಂದ ಸವರಿ ಮಟ್ಟ ಮಾಡುತ್ತಿದ್ದ. ಮದ್ದಿನ ಮೇಲೆ ಉಣ್ಣೆಯ ಬಿಲ್ಲೆ, ಅದರ ಮೇಲೆ ಚರೆ, ಚರೆಯ ಮೇಲೆ ರಟ್ಟಿನ ಬಿಲ್ಲೆ, ಕೊನೆಗೆ ಅಂಚಿನ ಸುತ್ತ ಜೇನುಮೇಣ. ಬಿಲ್ಲೆ ಕತ್ತರಿಸುವುದು ನನ್ನ ಪಾಲು. ನನ್ನ ಕೈ ನಡುಗುತ್ತಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಅಪ್ಪ ನನ್ನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದ. ನನಗಾಗುತ್ತಿದ್ದ ಜಂಬ ಅಷ್ಟಿಷ್ಟಲ್ಲ. ಒಂದೊಂದು ತೋಟಾ ಮುಗಿದಾಗಲೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಸದ್ದಿಲ್ಲವೆಂದು ಖಾತರಿಯಾದ ಮೇಲೆ ಹೇಳುತ್ತಿದ್ದ:

“ಇದು ಹುಸಿ ಹೋಗಲ್ಲ ಕಣವ್ವ ರಂಗಿ. ನಂಬಿದೋನ ಕೈ ಬಿಡಲ್ಲ.”

ಇಷ್ಟೆಲ್ಲ ಮಾಡುವ ಮನುಷ್ಯನಿಗೆ ಗುರಿ ಇಟ್ಟು ಹೊಡೆಯಲು ಬರುತ್ತಿರಲಿಲ್ಲ ಎಂದರೆ ನಂಬುತ್ತೀರಾ? ಅಪ್ಪ ಕೋವಿ ಎತ್ತಿದರೆ ಕೌಜುಗದ ಹಕ್ಕಿ ಕೂತಲ್ಲೇ ಕೂತಿರುತ್ತಿತ್ತು, ಪಕ್ಕದ ಹೊಂಗೆಯ ಕೊಂಬೆ ಮುರಿದು ಬೀಳುತ್ತಿತ್ತು. ಕೊನೆಗೆ ಹೊಡೆಯುವ ಆಸೆಯನ್ನೇ ಬಿಟ್ಟು ತುಂಬುವುದರಲ್ಲಿ ತೃಪ್ತಿ ಕಂಡುಕೊಂಡ. ಅವನ ತೋಟಾಗಳನ್ನು ಹಾರಿಸುತ್ತಿದ್ದವರು ಖಾಸಿಂ ಸಾಬರು. ಊರಿನಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುವ ಒಲೆಗಳನ್ನು ಇಟ್ಟುಕೊಂಡಿದ್ದವರು, ಅಮ್ಮನ ಗೂಡನ್ನು ಕೊಳ್ಳುತ್ತಿದ್ದವರೂ ಅವರೇ. ಅಮ್ಮ ಅವರನ್ನು ಅಣ್ಣ ಎನ್ನುತ್ತಿದ್ದಳು, ಅವರು ಅಮ್ಮನನ್ನು ತಂಗಿ ಎನ್ನುತ್ತಿದ್ದರು. ರಾಗಿ ತೆನೆಗಟ್ಟುವ ಕಾಲಕ್ಕೆ ಹೊಲಕ್ಕೆ ಕಾಡುಹಂದಿ ನುಗ್ಗಿದರೆ ಸುತ್ತಲ ರೈತರು ಸಾಬರ ಮನೆಗೆ ಬಂದು ನಿಲ್ಲುತ್ತಿದ್ದರು. ಅವರು ನಗುತ್ತ ಕೋವಿ ಇಳಿಸುತ್ತಿದ್ದರು.

“ಅರೆ ಭಾಯಿ, ಹೊಡೆಯೋಕೆ ನಾನು, ತಿನ್ನೋಕೆ ನೀವು. ಒಳ್ಳೆ ನ್ಯಾಯ ಇದು!”

ಅಮ್ಮನಿಗೆ ತೋಟಾ ಕಂಡರಾಗುತ್ತಿರಲಿಲ್ಲ. ಅವಳ ತಕರಾರು ಕೋಣೆಯ ಜಾಗದ್ದು ಮಾತ್ರವಲ್ಲ, ಸದ್ದಿನದು. ರೇಷ್ಮೆ ಹುಳ ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ, ಅಂದರೆ ಸೊಪ್ಪು ಬಿಟ್ಟು ತಲೆಯೆತ್ತಿ ನಿದ್ದೆ ಮಾಡಿ ಪೊರೆ ಬಿಡುತ್ತದೆ. ಆಮೇಲೆ ಹಣ್ಣಾಗುತ್ತದೆ. ಹಣ್ಣಾದ ಹುಳವನ್ನು ಆರಿಸಿ ಚಂದ್ರಿಕೆಗೆ, ಬಿದಿರು ದಬ್ಬೆಯನ್ನು ಸುರುಳಿ ಸುತ್ತಿದ ದೊಡ್ಡ ತಟ್ಟೆಗೆ, ಬಿಡಬೇಕು. ಅಲ್ಲಿ ಅದು ಗೂಡು ಕಟ್ಟುತ್ತದೆ. ಹುಳ ಹಣ್ಣಾದ ದಿನಗಳಲ್ಲಿ ನಮ್ಮ ಮನೆಯ ಸುತ್ತ ಈಡು ಹಾರಿಸುವ ಹಾಗಿರಲಿಲ್ಲ. ಸದ್ದಿಗೆ ಹುಳ ಬೆಚ್ಚಿದರೆ ಎಳೆ ಕಡಿದುಹೋಗುತ್ತದೆ, ಗೂಡು ತೆಳ್ಳಗಾಗುತ್ತದೆ ಎಂದು ಅವಳ ನಂಬಿಕೆ. ಆ ದಿನಗಳಲ್ಲಿ ನಾನು ಸೀನಬೇಕಾದರೂ ಬಾವಿಕಟ್ಟೆಗೆ ಓಡಬೇಕಿತ್ತು. ಸಾಬರು ಕೂಡ ಬೇಟೆಗೆ ಹೊರಡುವ ಮುಂಚೆ ನಮ್ಮ ಹಿತ್ತಲಿಗೆ ಬಂದು ಕೇಳಿ ಹೋಗುತ್ತಿದ್ದರು, “ತಂಗೀ, ಹುಳ ಹಣ್ಣಾಗಿದೆಯಾ? ಆಗಿದ್ರೆ ಆಚೆ ಕೆರೆ ಕಡೆ ಹೋಗ್ತೀನಿ.”

ಕಂಬಳಿಯ ಪ್ರಸಂಗವನ್ನು ಹೇಳದಿದ್ದರೆ ನನಗೆ ಸಮಾಧಾನವಾಗುವುದಿಲ್ಲ. ಚಳಿಗಾಳಿ ಹುಳಕ್ಕೆ ತಾಗದಿರಲೆಂದು ಅಮ್ಮ ಕೋಣೆಯ ಬಾಗಿಲಿಗೆ ತವರಿನಿಂದ ತಂದ ಕರಿ ಕಂಬಳಿಯನ್ನು ತೂಗುಹಾಕಿದ್ದಳು. ಬಿಲ್ಲೆಗೆ ಉಣ್ಣೆ ಸಿಗದೆ ಅಪ್ಪ ಅದರ ಮೂಲೆಯಿಂದ ಶುರುಮಾಡಿದ್ದ. ಒಂದು ಬೆಳಿಗ್ಗೆ ಅಮ್ಮ ಕಂಬಳಿಯನ್ನು ಬಿಸಿಲಿಗೆ ಹರವಿ ನೋಡುತ್ತಾಳೆ, ತೂತು.

“ಇಲಿ ಕಚ್ಚಿರ್ಬೇಕು ಬಿಡು,” ಎಂದ ಅಪ್ಪ, ಗೋಡೆ ನೋಡುತ್ತ.

“ಇಲಿನಾ? ಎಲ್ಲಾ ತೂತೂ ದುಂಡಗೆ, ಒಂದೇ ಅಳತೆ! ಈ ಮನೇಲಿ ಮೀಸೆ ಇರೋ ಇಲಿ ಒಂದೇ. ನಮ್ಮವ್ವ ಕೊಟ್ಟ ಕಂಬಳಿ ರೀ ಅದು. ಹೊದ್ಕೊಳ್ಳೋದನ್ನ ಕೋವಿಗೆ ತುರುಕ್ತೀರಲ್ಲ, ನಿಮ್ಮ ತಲೇಲಿ ಏನೈತೆ?”

ಅಮ್ಮನ ಬಾಯಿ ಅಂಥದ್ದು. ನನ್ನದೂ ಅಂಥದ್ದೇ, ಕೇಳಿದವರು ಹೇಳುತ್ತಾರೆ. ಅವಳು ಬೈದು ಸುಸ್ತಾಗುವ ತನಕ ಅಪ್ಪ ಕಾದು, ನೀರು ತಂದುಕೊಡುತ್ತಿದ್ದ. ಅದರಿಂದ ಅವಳಿಗೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಹೀಗಿರುವಾಗ ಒಂದು ಬೆಳೆಯಲ್ಲಿ, ಹುಳ ಹಸಿವಿನಲ್ಲಿ ಹೆಚ್ಚು ತಿನ್ನುವ ಹೊತ್ತಿಗೆ ಸರಿಯಾಗಿ, ಅಮ್ಮನಿಗೆ ಚಳಿಜ್ವರ ಬಂತು. ಎದ್ದು ನಿಲ್ಲಲಾರಳು. ಅಪ್ಪ ತನ್ನ ಮೇಜಿಗೆ ಬಟ್ಟೆ ಮುಚ್ಚಿ ಅವಳ ಕಡೆಗೆ ದಾಟಿದ. ಮದ್ದು ಅಳೆದಷ್ಟೇ ಜಾಗರೂಕತೆಯಿಂದ ಸೊಪ್ಪು ಹೆಚ್ಚಿದ, ಒಂದೊಂದೇ ಎಲೆ ಒರೆಸಿ ಹಾಕಿದ, ಹಣ್ಣಾದ ಹುಳವನ್ನು ಬೆಳಕಿಗೆ ಹಿಡಿದು ನೋಡಿ ಚಂದ್ರಿಕೆಗೆ ಬಿಟ್ಟ. ಗೂಡು ಎಷ್ಟು ಗಟ್ಟಿಯಾಗಿ ಬಂದಿತೆಂದರೆ ಸಾಬರು ಒಂದನ್ನು ಬೆರಳಲ್ಲಿ ಅಮುಕಿ ತಲೆದೂಗಿದರು. ಅಮ್ಮ ಹಾಸಿಗೆಯಿಂದ ಇದನ್ನೆಲ್ಲ ನೋಡುತ್ತಿದ್ದಳು. ಬೈಯುವುದಕ್ಕೆ ಮಾತು ಹುಡುಕಬೇಕಾಗಿರಲಿಲ್ಲ ಅವಳಿಗೆ. ಹೊಗಳುವುದಕ್ಕೆ ಬರುತ್ತಿರಲಿಲ್ಲ.

ಅವಳ ಉತ್ತರ ಆಯುಧಪೂಜೆಯ ದಿನ ಬಂತು. ಹಿಂದಿನ ಬೆಳೆ ಮುಗಿದು ಮನೆಯಲ್ಲಿ ಹುಳವಿರಲಿಲ್ಲ, ಅಮ್ಮನ ಕೈ ಖಾಲಿಯಿತ್ತು. ಹಬ್ಬದ ಮುನ್ನಾ ದಿನ ಅಪ್ಪ ಮತ್ತು ನಾನು ಮಾವಿನ ಸೊಪ್ಪು, ಬಾಳೆಕಂದು ತರಲು ಹೋಗಿದ್ದೆವು. ಬೆಳಿಗ್ಗೆ ಎದ್ದು ನೋಡಿದರೆ ಪೂಜೆಯ ಮಣೆಯ ಮೇಲೆ ನೇಗಿಲ ಕುಡ, ಕುಡುಗೋಲು, ಅಪ್ಪನ ಕೋವಿ. ಕೋವಿಯ ಮುಂದೆ ಹಿತ್ತಾಳೆ ತೋಟಾಗಳ ಸಾಲು. ಪ್ರತಿ ವರ್ಷ ಅಪ್ಪ ಕೋವಿಯನ್ನಷ್ಟೇ ಇಡುತ್ತಿದ್ದ, ತೋಟಾಗಳ ಪೆಟ್ಟಿಗೆ ಅಟ್ಟದ ಮೇಲೆಯೇ ಇರುತ್ತಿತ್ತು. ಈ ಸಲ ಅವು ದೀಪದ ಕಂಬಗಳಿಗೆ ಸಮನಾಗಿ ಥಳಥಳ ಹೊಳೆಯುತ್ತಿದ್ದವು. ಒಂದೊಂದಕ್ಕೂ ಅರಿಶಿನ ಕುಂಕುಮ, ಒಂದೊಂದರ ಮೇಲೂ ಒಂದು ಸೇವಂತಿಗೆಯ ಎಸಳು.

“ಏನ್ ನೋಡ್ತಾ ನಿಂತ್ರಿ? ನಿಮ್ಮ ಸವತಿಗಳಿಗೂ ಹಬ್ಬ ಬೇಡ್ವಾ? ಮಂಗಳಾರತಿ ತಗೊಳ್ಳಿ,” ಎಂದಳು ಅಮ್ಮ, ಮುಖ ಆಚೆ ತಿರುಗಿಸಿಕೊಂಡು.

“ನನ್ನ ಸವತಿಗಳಲ್ಲ ಕಣೆ, ನಿನ್ನ ಸವತಿಗಳು,” ಎಂದ ಅಪ್ಪ. ಅವನ ಕಣ್ಣು ಒದ್ದೆಯಾಗಿತ್ತು. ತೋಟಾವನ್ನು ಹೇಗೆ ಬೆಳಗಿದೆ ಎಂದು ಕೇಳಬೇಕಿತ್ತು. ಇನ್ಯಾವ ದಿನವಾಗಿದ್ದರೂ ಕೇಳುತ್ತಿದ್ದ. ಹೆಂಡತಿ ಮೊದಲ ಸಲ ತನ್ನ ಸಾಮಾನನ್ನು ಮುಟ್ಟಿ ದೇವರ ಮುಂದೆ ಇಟ್ಟಿದ್ದಾಳೆ ಎಂಬ ಸಂತೋಷದಲ್ಲಿ ಆ ಪ್ರಶ್ನೆ ಅವನ ಹತ್ತಿರ ಸುಳಿಯಲೇ ಇಲ್ಲ. ಆ ದಿನ ನಮ್ಮ ಮನೆಯಲ್ಲಿ ತಿಂದ ಹೋಳಿಗೆಯ ರುಚಿ ಇನ್ನೂ ನನ್ನ ನಾಲಗೆಯ ಮೇಲಿದೆ.

ಹಬ್ಬವಾದ ಮೇಲೆ ರಾಗಿ ಹೊಲಕ್ಕೆ ಹಂದಿ ಬಿತ್ತು. ಸಾಬರು ಬಂದು ತೋಟಾ ಒಯ್ದರು. ಅಪ್ಪ ಹೊಳೆಯುವ ತೋಟಾಗಳನ್ನೇ ಆರಿಸಿ, ಹೆಮ್ಮೆಯಿಂದ ಕೊಟ್ಟ. ಮಾರನೆಯ ಬೆಳಗ್ಗೆ ಬಿಸಿಲೇರುವ ಮುಂಚೆಯೇ ಜನ ಸಾಬರನ್ನು ಮಂಚದ ಮೇಲೆ ಹೊತ್ತು ತಂದರು. ಮೊದಲ ಈಡು ತಾಗಿದರೂ ಹಂದಿ ಬಿದ್ದಿರಲಿಲ್ಲ. ಗಾಯಗೊಂಡ ಹಂದಿ ತಿರುಗಿ ನುಗ್ಗಿದಾಗ ಸಾಬರು ಕದಲದೆ ನಿಂತು ಜೋಡಿ ನಳಿಗೆಯ ಕೋವಿಯ ಎರಡನೆಯ ಕುದುರೆಯನ್ನು, ಅಂದರೆ ಬೆರಳಿನ ಕೀಲನ್ನು, ಎಳೆದಿದ್ದರು. ಟಿಕ್ ಎಂದಿತಂತೆ, ಅಷ್ಟೇ. ಹಂದಿಯ ಕೋರೆ ಅವರ ತೊಡೆಯನ್ನು ಸೀಳಿತ್ತು. ಜೀವ ಉಳಿಯಿತು. ಕಾಲು ಮೊದಲಿನ ಹಾಗಾಗಲಿಲ್ಲ.

ಅಪ್ಪ ಅವರ ಮನೆಯಿಂದ ಬಂದವನೇ ಕೋಣೆಯ ಬಾಗಿಲು ಮುಚ್ಚಿ ಮೇಜಿನ ಮುಂದೆ ಕೂತ. ನಾನೂ ಎದುರಿಗೆ ಕೂತೆ. ಉಳಿದ ತೋಟಾಗಳ ಮೇಣ ಕೆರೆದು ಒಂದೊಂದನ್ನಾಗಿ ಬಿಚ್ಚಿದ. ಕೆಲವು ಒಣಗಿದ್ದವು. ಕೆಲವುಗಳಲ್ಲಿ ಮದ್ದು ಗಸಿಯ ಹಾಗೆ ಗಂಟು ಕಟ್ಟಿತ್ತು. ಒಂದರ ಬುಡದಲ್ಲಿ, ಕೇಪಿನ ಸುತ್ತಲ ಸಂದಿಯಲ್ಲಿ, ಏನೋ ಕಂದು ಎಳೆ ಸಿಕ್ಕಿಕೊಂಡಿತ್ತು. ನಾನು ಉಗುರಿನಿಂದ ಎಳೆದೆ.

“ಅಪ್ಪಾ, ಹುಣಸೆ ನಾರು.”

ಅಪ್ಪ ನನ್ನ ಬೆರಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದ. ದೀಪ, ತಂಬಿಗೆ, ಗಂಗಾಳಗಳ ಜೊತೆಗೆ ಮದ್ದು ತುಂಬಿದ್ದ ತೋಟಾಗಳನ್ನೂ ಅಮ್ಮ ಹುಣಸೆ ನೀರಿನಲ್ಲಿ ನೆನೆಹಾಕಿ ತಿಕ್ಕಿದ್ದಳು. ಹಿತ್ತಾಳೆ ಎಂದರೆ ಅವಳಿಗೆ ಹಿತ್ತಾಳೆ. ಅದರೊಳಗೆ ನೀರು ಹೋಗಬಹುದೆಂದು ಯಾರೂ ಅವಳಿಗೆ ಹೇಳಿರಲಿಲ್ಲ.

“ತಿಕ್ಕುವಾಗ ಕೇಪು ಹತ್ತಿದ್ದಿದ್ರೆ ಅವಳ ಕೈ...” ಎಂದು ಅಪ್ಪ ಅರ್ಧಕ್ಕೆ ನಿಲ್ಲಿಸಿದ. ಆಮೇಲೆ ನನ್ನ ಕೈ ಹಿಡಿದುಕೊಂಡ. “ಲೇ ರಂಗಿ, ಇದು ನಿಮ್ಮವ್ವಂಗೆ ಗೊತ್ತಾಗ್ಬಾರ್ದು. ಅಣ್ಣ ಅಂತ ಕರೆಯೋ ಮನುಷ್ಯನ ಕಾಲು ತನ್ನಿಂದ ಹೋಯ್ತು ಅಂತ ಅವಳು ಉಣ್ಣೋದೂ ಬಿಟ್ಬಿಡ್ತಾಳೆ. ಕೇಳ್ದೆ ಕೊಟ್ಟೋನು ನಾನು. ತಪ್ಪು ನಂದೇ.”

ಅಷ್ಟರಲ್ಲಿ ಅಮ್ಮ ಬಾಗಿಲು ತಳ್ಳಿಕೊಂಡು ಬಂದಳು. ಅತ್ತು ಕಣ್ಣು ಕೆಂಪಾಗಿತ್ತು.

“ಹುಸಿ ಹೋಗಲ್ಲ, ಹುಸಿ ಹೋಗಲ್ಲ ಅಂತಿದ್ರಲ್ಲ! ಏನಾಯ್ತು ಈಗ? ದೇವರಂಥ ಮನುಷ್ಯನ್ನ ಕುಂಟ ಮಾಡ್ಬಿಟ್ರಲ್ಲ ನಿಮ್ಮ ಆಟದಿಂದ!”

“ಮದ್ದು ಹಳೇದಿತ್ತು. ನಾನು ನೋಡ್ಕೊಳ್ಳಿಲ್ಲ,” ಎಂದ ಅಪ್ಪ.

ಹೇಳಿಬಿಡಬೇಕೆಂದು ನಾನು ಬಾಯಿ ತೆರೆದಿದ್ದೆ. ಮೇಜಿನ ಕೆಳಗೆ ಅಪ್ಪ ನನ್ನ ಕಾಲನ್ನು ತನ್ನ ಕಾಲಿನಿಂದ ಒತ್ತಿ ಹಿಡಿದಿದ್ದ. ಹುಣಸೆ ನಾರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

ಆ ಒಂದು ವರ್ಷ ನನಗೆ ಬೆಳೆದಷ್ಟು ಬುದ್ಧಿ ಆಮೇಲೆ ಯಾವ ಶಾಲೆಯಲ್ಲೂ ಬೆಳೆಯಲಿಲ್ಲ. ಅಪ್ಪ ಮದ್ದಿನ ಜಾಡಿಯನ್ನು ಅಟ್ಟಕ್ಕೇರಿಸಿದ. ಖಾಲಿ ಕೊಳವೆಗಳನ್ನು ಡಬ್ಬಕ್ಕೆ ತುಂಬಿದ. ಮೇಜು ಕೊಟ್ಟಿಗೆ ಸೇರಿ ಅದರ ಮೇಲೆ ಕೋಳಿ ಪಂಜರ ಕೂತಿತು. ಇಡೀ ಕೋಣೆ ಅಮ್ಮನದಾಯಿತು. ಊರಿನಲ್ಲಿ ಅಪ್ಪನಿಗೆ ಹುಸಿ ತೋಟಾದವನು ಎಂದು ಹೆಸರು ಬಿತ್ತು. ಸಂತೆಯಲ್ಲಿ ಯಾರಾದರೂ ನಾಲಗೆಯಿಂದ ಟಿಕ್ ಎಂದು ಸದ್ದು ಮಾಡಿದರೆ ಅವನು ತಲೆತಗ್ಗಿಸಿ ಮುಂದೆ ಹೋಗುತ್ತಿದ್ದ. ಮನೆಗೆ ಬಂದರೆ ಅಮ್ಮ. ಸಾಬರು ಕುಂಟುತ್ತ ಬೀದಿಯಲ್ಲಿ ಹೋದಾಗಲೆಲ್ಲ ಅವಳ ಬೈಗುಳ ಹೊಸದಾಗಿ ಶುರುವಾಗುತ್ತಿತ್ತು. ಸಂಜೆ ಅಪ್ಪ ಜಗಲಿಯ ಮೇಲೆ ಸುಮ್ಮನೆ ಕೂತು, ಹೆಬ್ಬೆರಳು ತೋರುಬೆರಳನ್ನು ಒಂದಕ್ಕೊಂದು ಸವರುತ್ತಿದ್ದ, ಕೇಪು ಕೂರಿಸುವಾಗ ಮಾಡುತ್ತಿದ್ದ ಹಾಗೆ. ಅದನ್ನು ನೋಡಿ ನನಗೆ ಅಳು ಬರುತ್ತಿತ್ತು. ಅಮ್ಮನ ಮೇಲೆ ಕೆಟ್ಟ ಕೋಪ ಬರುತ್ತಿತ್ತು, ಮರುಕ್ಷಣ ಅಯ್ಯೋ ಅನ್ನಿಸುತ್ತಿತ್ತು. ಬಾಯಿಬಡುಕಿಯಾದ ನಾನು ಬಾಯಿ ಮುಚ್ಚಿಕೊಂಡಿರಲು ಕಲಿತದ್ದು ಆಗಲೇ.

ಮುಂದಿನ ದಸರಾ ಬಂತು. ಈ ಸಲ ಹುಳ ಆಗಷ್ಟೇ ಹಣ್ಣಾಗಿ ಚಂದ್ರಿಕೆಗೆ ಬಿದ್ದಿತ್ತು. ಕಾಲ ಬೆರಳ ಮೇಲೆ ಓಡಾಡುತ್ತಿದ್ದ ಅಮ್ಮ ಬಿಡುವು ಮಾಡಿಕೊಂಡು ಬಾವಿಕಟ್ಟೆಯ ಮೇಲೆ ಪಾತ್ರೆ ಹರವಿಕೊಂಡು ಕೂತಿದ್ದಳು. ಬೈಗುಳ ಬೈಗುಳವೇ, ಪೂಜೆ ಪೂಜೆಯೇ. ಡಬ್ಬದಲ್ಲಿದ್ದ ಖಾಲಿ ಕೊಳವೆಗಳನ್ನೂ ಹುಣಸೆ ನೀರಿಗೆ ಸುರಿದಿದ್ದಳು. ನಾನು ಬಾವಿಯಿಂದ ನೀರು ಸೇದುತ್ತಿದ್ದೆ. ಗೂಡು ಹೇಗಿದೆ ಎಂದು ವಿಚಾರಿಸಲು ಸಾಬರು ಕೋಲೂರಿಕೊಂಡು ಹಿತ್ತಲ ಕಡೆಯಿಂದ ಬಂದರು.

“ಏನು ತಂಗೀ, ತೋಟಾನೂ ತೊಳೀತೀಯಾ?”

“ಹೋದ್ ವರ್ಷಾನೂ ತೊಳ್ದಿದ್ನಲ್ಲಣ್ಣ. ಹುಣಸೆಹಣ್ಣಲ್ಲಿ ನೆನೆಯಾಕಿದ್ರೇನೇ ಹಿತ್ತಾಳೆ ಬೆಳಗೋದು.”

ಸಾಬರು ನಗುತ್ತಿದ್ದವರು ನಿಂತರು. “ಹೋದ ವರ್ಷ... ತುಂಬಿದ್ದನ್ನೂ?”

“ಎಲ್ಲಾನೂ.”

ಸಾಬರಿಗೆ ಗೊತ್ತಿಲ್ಲದೆ ಅವರ ಕೈ ತೊಡೆಯ ಮೇಲೆ ಹೋಯಿತು. ಅಮ್ಮ ಆ ಕೈಯನ್ನು ನೋಡಿದಳು, ನೀರಿನಲ್ಲಿದ್ದ ಕೊಳವೆಯನ್ನು ನೋಡಿದಳು. ಕೊಳವೆಯನ್ನು ಮೇಲೆತ್ತಿ ಬಗ್ಗಿಸಿದಳು. ಅದರೊಳಗಿಂದ ಕಂದು ನೀರು ಸುರಿಯಿತು. ಆಮೇಲೆ ನನ್ನ ಕಡೆ ತಿರುಗಿದಳು.

“ರಂಗೀ, ನಿಂಗೆ ಗೊತ್ತಿತ್ತಾ?”

ನಾನು ಹಗ್ಗ ಹಿಡಿದು ನಿಂತೇ ಇದ್ದೆ. ನನ್ನ ಮುಖವೇ ಹೇಳಿರಬೇಕು. ಸಾಬರು, “ಹೋಗ್ಲಿ ತಂಗೀ, ಅಲ್ಲಾ ಕಾಲು ತಗೊಂಡು ಪ್ರಾಣ ಉಳಿಸ್ದ, ಯಾರೂ ಬೇಕೂಂತ ಮಾಡಿದ್ದಲ್ಲ,” ಎನ್ನುತ್ತಲೇ ಇದ್ದರು. ಅಮ್ಮ ಎದ್ದು ಅವರ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಸೀದಾ ಅಪ್ಪ ಕೂತಿದ್ದ ಜಗಲಿಗೆ ನಡೆದಳು. ನಾನು ಹಿಂದೆ ಓಡಿದೆ.

“ಒಂದು ವರ್ಷ ನನ್ ಕೈಲಿ ಬೈಸ್ಕೊಂಡ್ರಲ್ಲಾ! ಊರ ಕೈಲೆಲ್ಲ ಅನ್ನಿಸ್ಕೊಂಡ್ರಲ್ಲಾ! ಒಂದು ಮಾತು ಹೇಳಕ್ಕಾಗ್ಲಿಲ್ವಾ?”

ಅಪ್ಪನಿಗೆ ಒಂದು ಗಳಿಗೆಯಲ್ಲಿ ಎಲ್ಲ ತಿಳಿಯಿತು. “ನೀನು ಬೈಯೋದು ಹೊಸದೇನೆ?” ಎಂದ.

ಅಮ್ಮ ಅತ್ತಳು. ನಾನು ಅವಳು ಹಾಗೆ ಅತ್ತದ್ದನ್ನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅತ್ತು ಮುಗಿಸಿ ಸೆರಗಿನಲ್ಲಿ ಮುಖ ಒರೆಸಿಕೊಂಡು, “ಒಂದು ತುಂಬಿ. ಈಗ್ಲೇ,” ಎಂದಳು.

ಅಟ್ಟದಿಂದ ಜಾಡಿ ಇಳಿಯಿತು. ತೊಳೆಯದ ಒಣ ಕೊಳವೆಯೊಂದು ಅಪ್ಪನ ಪೆಟ್ಟಿಗೆಯ ತಳದಲ್ಲಿತ್ತು. ಉಣ್ಣೆ ಬೇಕಲ್ಲ ಎಂದು ನಾನು ಸುತ್ತ ನೋಡುವಷ್ಟರಲ್ಲಿ ಅಮ್ಮ ಕೋಣೆಯ ಬಾಗಿಲಿನ ಕಂಬಳಿಯನ್ನೇ ಕಿತ್ತು ತಂದು ನನ್ನ ಮುಂದೆ ಹಾಕಿದಳು. ಜಗಲಿಯ ಮೇಲೆಯೇ ಕೂತು ಅಪ್ಪ ತುಂಬಿದ. ಕೇಪು ಕೂರಿಸುವುದನ್ನು ಮಾತ್ರ ನಡುಗದ ನನ್ನ ಕೈಗೆ ಬಿಟ್ಟ. ಮೇಣ ಆರುವ ಹೊತ್ತಿಗೆ ಅಕ್ಕಪಕ್ಕದವರು ಬೀದಿಯಲ್ಲಿ ನಿಂತಿದ್ದರು. ಅಮ್ಮ ಹೋಗಿ ಅವರೆದುರು ನಿಂತಳು.

“ಹೋದ್ ವರ್ಷ ತೋಟಾ ನೀರಲ್ಲಿ ನೆನೆಸಿದ್ದು ನಾನು. ಇವ್ರಲ್ಲ. ಎಲ್ಲಾರೂ ಕೇಳಿಸ್ಕೊಳ್ಳಿ.” ಆಮೇಲೆ ಹಿತ್ತಲಿಂದ ಕುಂಟುತ್ತ ಬಂದಿದ್ದ ಸಾಬರ ಕಡೆ ತಿರುಗಿದಳು. “ಅಣ್ಣ, ಹೊಡೀರಿ.”

ಸಾಬರು ಹಿಂಜರಿದರು. “ಹುಳ ಹಣ್ಣಾಗಿದೆಯಲ್ಲ ತಂಗೀ. ಕೆರೆ ಕಡೆ ಹೋಗ್ತೀನಿ.”

“ಗೂಡು ಕಟ್ತಾ ಅವೆ ಕಣೆ, ಎಳೆ ಕಡಿದ್ಹೋದೀತು,” ಎಂದ ಅಪ್ಪನೂ.

“ಹೋದ್ರೆ ಹೋಗ್ಲಿ. ಇಲ್ಲೇ ಹೊಡೀರಿ. ಬೀದಿಗೆಲ್ಲ ಕೇಳ್ಬೇಕು.”

ಸಾಬರು ಕೋಲನ್ನು ನನ್ನ ಕೈಗೆ ಕೊಟ್ಟು, ಅಪ್ಪನ ಕೋವಿಯಲ್ಲಿ ತೋಟಾ ಇಟ್ಟು, ಹೊಲದ ಮೇಲಿನ ಆಕಾಶಕ್ಕೆ ಎತ್ತಿದರು. ಅಪ್ಪ ಕಣ್ಣು ಮುಚ್ಚಿಕೊಂಡ. ಈಗಲೂ ಟಿಕ್ ಎಂದರೆ ಏನು ಗತಿ ಎಂದು ನಾನು ಸಾಬರ ಕೋಲನ್ನು ಅವುಚಿಕೊಂಡೆ. ಢಂ ಎಂದಿತು. ಹೊಂಗೆಮರದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು, ಕೊಟ್ಟಿಗೆಯಲ್ಲಿ ಕೋಳಿ ಕೂಗಿಕೊಂಡವು. ಯಾರೋ ಶಭಾಷ್ ಎಂದರು. ಅಪ್ಪ ಕಣ್ಣು ಬಿಟ್ಟು ಅಮ್ಮನನ್ನು ಹುಡುಕಿದ. ಅವಳಾಗಲೇ ಒಳಗೆ ಓಡಿದ್ದಳು.

ನಾನೂ ಓಡಿದೆ. ಕೋಣೆಯಲ್ಲಿ ಅಮ್ಮ ದೀಪ ಹಿಡಿದು ಚಂದ್ರಿಕೆಗೆ ಮುಖವಿಟ್ಟು ನೋಡುತ್ತಿದ್ದಳು. ಹುಳಗಳು ತಲೆಯನ್ನು ಅತ್ತ ಇತ್ತ ಆಡಿಸುತ್ತ ಎಳೆ ಬಿಡುತ್ತಲೇ ಇದ್ದವು. ಒಂದೂ ನಿಂತಿರಲಿಲ್ಲ. ಒಂದು ಚಂದ್ರಿಕೆ, ಇನ್ನೊಂದು, ಮತ್ತೊಂದು, ಎಲ್ಲವನ್ನೂ ನೋಡಿದಳು.

“ಇವಕ್ಕೆ ಕಿವೀನೇ ಇಲ್ವೇನೆ ರಂಗೀ?” ಎಂದಳು. ಅವಳಿಗೆ ನಗು ಬಂತು, ನಗುತ್ತ ನಗುತ್ತ ಮತ್ತೆ ಅಳು ಬಂತು. ದೀಪವನ್ನು ನನ್ನ ಕೈಗೆ ಕೊಟ್ಟು, ಬಲಗಡೆಯ ತಟ್ಟೆಗಳನ್ನು ಒಂದೊಂದಾಗಿ ಎತ್ತಿ ಎಡಗಡೆಗೆ ಜೋಡಿಸತೊಡಗಿದಳು. ಅಪ್ಪನ ಅರ್ಧ ಖಾಲಿಯಾದ ಮೇಲೆ ಬಾಗಿಲಿಗೆ ಬಂದು ಕೂಗಿದಳು:

“ರೀ, ಕೋಳಿ ಪಂಜರ ಇಳಿಸಿ ಆ ಮೇಜು ತೊಳ್ಕೊಂಡು ಬನ್ನಿ. ಒಣಗಿಸಿ ತನ್ನಿ ಮತ್ತೆ.”